ಧಣಿಗೆ ಬಹುವಚನ, ದುಡಿಯುವವರಿಗೆ ಏಕವಚನ



ಕೂಲಿಯಲ್ಲಿ ಎಷ್ಟು ಮುರಿದುಕೊಂಡರು ಎಂದು ಲೆಕ್ಕ ಹಾಕಲು ನಮಗೆ ಬರುತ್ತದೆ. ಓವರ್‌ಟೈಮಿನ ಗಂಟೆಗಳು ಎಲ್ಲಿ ಮಾಯವಾದವು, ಭವಿಷ್ಯ ನಿಧಿಯ ಪಾಲು ಕಟ್ಟಿದರೋ ಇಲ್ಲವೋ, ಬೋನಸ್ಸಿಗೆ ಏಕೆ ಕತ್ತರಿ ಬಿತ್ತು, ಇವನ್ನೆಲ್ಲ ಕಾಗದದ ಮೇಲೆ ಬರೆದು, ಹೆಬ್ಬೆಟ್ಟೊತ್ತಿ, ಆಫೀಸಿನ ಮೇಜಿನ ಮೇಲೆ ಇಡಬಲ್ಲೆವು. ಆದರೆ ದಿನಕ್ಕೆ ನೂರು ಸಲ ಕಿವಿಗೆ ಬೀಳುವ ಇನ್ನೊಂದು ಕಡಿತವಿದೆ. ಅದು ಸಂಬಳದ ಚೀಟಿಯಲ್ಲಿ ಕಾಣುವುದಿಲ್ಲ. ನಮ್ಮ ಸಂಘಗಳು ಅದನ್ನು ಲೆಕ್ಕಕ್ಕೆ ಹಿಡಿಯುವುದೂ ಅಪರೂಪ. ಅದು ಮಾತಿನಲ್ಲಿ ನಡೆಯುವ ಕಡಿತ.

ಮೇಸ್ತ್ರಿಗೆ ಇಪ್ಪತ್ತೆರಡು ವರ್ಷ. ಎದುರಿಗೆ ನಿಂತವರು ಐವತ್ತೈದು ದಾಟಿದ, ಮೊಮ್ಮಕ್ಕಳನ್ನು ಕಂಡ ಅಜ್ಜಿ. ಮೇಸ್ತ್ರಿ ಅನ್ನುತ್ತಾರೆ, "ಏ ನಿಂಗಿ, ಬಾ ಇಲ್ಲಿ." ಅಜ್ಜಿ ಅನ್ನುತ್ತಾರೆ, "ಬಂದೆ ಸಾಹೇಬ್ರ." ಇಷ್ಟೇ. ಇದರಲ್ಲಿ ಬೈಗುಳವಿಲ್ಲ, ಹೊಡೆತವಿಲ್ಲ, ಪೊಲೀಸ್ ಠಾಣೆಗೆ ಹೋಗುವಂಥ ಒಂದು ಮಾತೂ ಇಲ್ಲ. ಆದರೂ ಯಾರು ಮನುಷ್ಯರು, ಯಾರು ಆಳು ಎಂಬುದು ಎರಡು ವಾಕ್ಯಗಳಲ್ಲಿ ತೀರ್ಮಾನವಾಗಿ ಹೋಯಿತು. ತಿರಸ್ಕಾರವೆಂದರೆ ಕೆಟ್ಟ ಬೈಗುಳವೆಂದು ನಾವು ತಿಳಿದಿದ್ದೇವೆ. ಬೈಗುಳ ಸಿಟ್ಟು ಬಂದಾಗ ಮಾತ್ರ ಹೊರಬೀಳುತ್ತದೆ. ತಿರಸ್ಕಾರಕ್ಕೆ ಸಿಟ್ಟೂ ಬೇಕಾಗಿಲ್ಲ. ಅದು ತಣ್ಣಗೆ, ಕ್ರಿಯಾಪದದ ಕೊನೆಯಲ್ಲಿ ಕುಳಿತಿರುತ್ತದೆ.

ಹೆಸರುಗಳನ್ನೇ ನೋಡಿರಿ. ಹೆತ್ತವರು ಇಟ್ಟದ್ದು ಬಸಪ್ಪ, ನಿಂಗವ್ವ, ಮಾದೇವಪ್ಪ, ರಂಗಮ್ಮ. ಹಾಜರಿ ಕೂಗುವಾಗ ಅದು ಬಸ್ಯಾ, ನಿಂಗಿ, ಮಾದ, ರಂಗಿ. 'ಅಪ್ಪ', 'ಅವ್ವ', 'ಅಮ್ಮ' ಎಂದು ಎರಡಕ್ಷರ ಸೇರಿಸಲು ಯಾರ ನಾಲಿಗೆಗೂ ಶಕ್ತಿಯಿಲ್ಲ. ದೀಕ್ಷಾಸ್ನಾನದಲ್ಲಿ ಸಮುವೇಲಪ್ಪ ಎಂದು ಹೆಸರಿಟ್ಟರೂ ಗದ್ದೆಯ ಬದುವಿನ ಮೇಲೆ ಅವರು ಸಾಮ್ಯಾ ಆಗಿಬಿಡುತ್ತಾರೆ. ಅದೇ ಹಾಜರಿ ಪುಸ್ತಕಕ್ಕೆ ಸಹಿ ಮಾಡುವ ಗುಮಾಸ್ತರ ಹೆಸರಿಗೆ ಮಾತ್ರ ಹಿಂದೆ ಎರಡು ಇನಿಶಿಯಲ್, ಮುಂದೆ ಮನೆತನದ ಹೆಸರು, ಕೊನೆಗೊಂದು 'ಅವರು'. ಕೂಲಿಯವರ ಹೆಸರು ಮರೆತುಹೋದರೆ ತೊಂದರೆಯೇನೂ ಇಲ್ಲ. 'ಏ ಮುದುಕಾ', 'ಏ ಕುಂಟಾ', 'ಏ ಕರಿಯಾ' ಎಂದರೂ ಅವರು ತಿರುಗಿ ನೋಡುತ್ತಾರೆ. ನೋಡದೆ ಏನು ಮಾಡಿಯಾರು?

ಈ ಮಾತೆತ್ತಿದರೆ ಒಂದು ಉತ್ತರ ಸಿದ್ಧವಾಗಿರುತ್ತದೆ. "ನಮ್ಮ ಕಡೆ ಮಾತೇ ಹಾಗೆ. ಪ್ರೀತಿಯಿಂದ ಅನ್ನುತ್ತೇವೆ. ಮನೆಯ ಮಕ್ಕಳ ಹಾಗೆ ನೋಡಿಕೊಂಡಿದ್ದೇವೆ." ಏಕವಚನದಲ್ಲಿ ಪ್ರೀತಿಯಿದೆ, ಸುಳ್ಳಲ್ಲ. ತಾಯಿಯನ್ನು ನಾವು 'ನೀನು' ಎಂದೇ ಕರೆಯುತ್ತೇವೆ. ಬಸವಣ್ಣನವರು ಕೂಡಲಸಂಗಮದೇವನನ್ನು ಕರೆದದ್ದು ಏಕವಚನದಲ್ಲಿ. ನಾವು ಸಭೆಯಲ್ಲಿ ಕರ್ತನ ಪ್ರಾರ್ಥನೆ ಹೇಳುವುದೂ ಏಕವಚನದಲ್ಲಿಯೇ. ದೇವರಿಗೆ 'ನೀನು', ಮೇಸ್ತ್ರಿಗೆ 'ನೀವು'! ಇರಲಿ. ಪ್ರೀತಿಯೋ ತಾತ್ಸಾರವೋ ಎಂದು ತಿಳಿಯಲು ಒಂದು ಸುಲಭವಾದ ಪರೀಕ್ಷೆಯಿದೆ. ಪ್ರೀತಿಯ ಏಕವಚನ ಎರಡೂ ಕಡೆ ಓಡಾಡುತ್ತದೆ. ನಿಂಗವ್ವನವರು ತಿರುಗಿ, "ತಡಿಯೋ ತಮ್ಮಾ, ಬಂದೆ" ಎಂದು ನೋಡಲಿ. ಮರುದಿನ ಕೆಲಸ ಉಳಿದಿದ್ದರೆ ಅದು ಪ್ರೀತಿ. ಉಳಿಯದಿದ್ದರೆ ಏನೆಂದು ನಾನು ಹೇಳಬೇಕಾಗಿಲ್ಲ. ಮನೆಯ ಮಕ್ಕಳೆಂಬ ಮಾತೂ ಅಷ್ಟೇ. ಮನೆಯ ಮಕ್ಕಳಿಗೆ ಆಸ್ತಿಯಲ್ಲಿ ಪಾಲಿರುತ್ತದೆ.

ಗಡಿಯಲ್ಲಿ ಬದುಕುವ ನಮಗೆ ಈ ವ್ಯಾಕರಣ ಎರಡೆರಡು ಭಾಷೆಗಳಲ್ಲಿ ಸಿಗುತ್ತದೆ. ಸೊಲ್ಲಾಪುರಕ್ಕೋ ಹೊಸೂರಿಗೋ ಕೆಲಸ ಹುಡುಕಿ ಹೋದ ಕನ್ನಡದ ಹುಡುಗರು ಆ ಊರಿನ ಭಾಷೆಯಲ್ಲಿ ನೀರು, ಅನ್ನ, ಬಸ್ಸು ಎಂಬ ಪದಗಳಿಗಿಂತ ಮೊದಲು ಕಲಿಯುವುದು ತಮ್ಮನ್ನು ಕರೆಯುವ ರೀತಿಯನ್ನು. ತಮಿಳಿನ 'ವಾಡಾ', ಮಲಯಾಳದ 'ಎಡಾ', ತೆಲುಗಿನ 'ಒರೇಯ್', ಮರಾಠಿಯ 'ಏ, ಕಾಯ್ ರೇ'. ಭಾಷಾವಾರು ಪ್ರಾಂತಗಳು 1956ರಲ್ಲಿ ಬೇರೆ ಬೇರೆಯಾದವು. ಈ ವಿಷಯದಲ್ಲಿ ಮಾತ್ರ ಎಲ್ಲ ರಾಜ್ಯಗಳೂ ಒಂದೇ ತಾಯಿಯ ಮಕ್ಕಳು. ಕನ್ನಡದ ಧಣಿ ಕನ್ನಡದ ಆಳನ್ನು 'ಲೇ' ಎನ್ನುವಾಗ ಭಾಷಾಭಿಮಾನ ಅಡ್ಡ ಬಂದದ್ದನ್ನು ನಾವ್ಯಾರೂ ಕಂಡಿಲ್ಲ.

ಸಾವಿನಲ್ಲಾದರೂ ಸಮಾನತೆ ಇದೆಯೇ? ಅದೂ ಇಲ್ಲ. ಕನ್ನಡದಲ್ಲಿ ಸಾಯುವುದಕ್ಕೆ ಎಷ್ಟೊಂದು ಕ್ರಿಯಾಪದಗಳಿವೆ, ಲೆಕ್ಕ ಮಾಡಿರಿ: ಸತ್ತ, ಮೃತಪಟ್ಟ, ತೀರಿಕೊಂಡರು, ನಿಧನರಾದರು, ವಿಧಿವಶರಾದರು, ದೈವಾಧೀನರಾದರು. ಇದೊಂದು ಏಣಿ. ಯಾರು ಯಾವ ಮೆಟ್ಟಿಲಲ್ಲಿ ಸಾಯಬೇಕೆಂದು ಹುಟ್ಟಿದಾಗಲೇ ನಿಶ್ಚಯವಾಗಿರುತ್ತದೆ. ದಿನಪತ್ರಿಕೆ ತೆರೆದು ನೋಡಿರಿ. ಕಾರ್ಖಾನೆಯ ಒಡೆಯರದು 'ನಿಧನ', ಮಣ್ಣು ಕುಸಿದು ಹೋದ ಕಾರ್ಮಿಕರದು 'ಸಾವು'. ಒಡೆಯರು ಪತ್ನಿ ಮತ್ತು ಮಕ್ಕಳನ್ನು 'ಅಗಲಿದ್ದಾರೆ'. ಕಾರ್ಮಿಕರ ಮನೆಯವರು ಯಾರೆಂದು ಹೇಳಲು ಅಲ್ಲಿ ಜಾಗ ಸಾಲುವುದಿಲ್ಲ. ಮಲಗುಂಡಿಗೆ ಮನುಷ್ಯರನ್ನು ಇಳಿಸುವುದನ್ನು 1993ರಿಂದ ಮೊದಲ್ಗೊಂಡು ಸತ್ತವರ ಕುಟುಂಬಗಳಿಗೆ ತಲಾ 10 ಲಕ್ಷ ರೂಪಾಯಿ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟು 2014ರಲ್ಲಿ ಹೇಳಿತು. 2023ರ ಅಕ್ಟೋಬರಿನಲ್ಲಿ ಆ ಮೊತ್ತವನ್ನು 30 ಲಕ್ಷಕ್ಕೆ ಏರಿಸಿತು. ಪರಿಹಾರ ಏರಿತು, ಕ್ರಿಯಾಪದ ಏರಲಿಲ್ಲ. ಇಂದಿಗೂ ಅವರು 'ಸತ್ತ'ರು, ಅದೂ 'ಮೂವರು ಕೂಲಿಗಳು' ಎಂಬ ಸಂಖ್ಯೆಯಾಗಿ.

ಕೂಲಿ ಎಂಬ ಪದದ ಕಥೆ ಬೇರೆಯೇ ಇದೆ. ನಮ್ಮ ಭಾಷೆಯಲ್ಲಿ ಕೂಲಿ ಎಂದರೆ ದುಡಿಮೆಯ ಬೆಲೆ. ಬ್ರಿಟಿಷರ ಬಾಯಿಯಲ್ಲಿ ಅದು ಮನುಷ್ಯರ ಹೆಸರಾಯಿತು. ಹಡಗು ಹತ್ತಿ ನಟಾಲಿಗೆ ಹೋದ ನಮ್ಮ ಜನರ ಜೊತೆಗೆ ಆ ಹೆಸರೂ ಹೋಯಿತು; ವಕೀಲಿಕೆಗೆ 1893ರಲ್ಲಿ ಅಲ್ಲಿಗೆ ಹೋದ ಗಾಂಧೀಜಿಯವರನ್ನೂ 'ಕೂಲಿ ಬ್ಯಾರಿಸ್ಟರ್' ಎಂದೇ ಕರೆದರು. ಬೆಲೆಯ ಹೆಸರಿನಿಂದಲೇ ಮನುಷ್ಯರನ್ನು ಕರೆಯುವುದಕ್ಕಿಂತ ಸ್ಪಷ್ಟವಾಗಿ ಬಂಡವಾಳಶಾಹಿ ತನ್ನ ಮನಸ್ಸನ್ನು ಹೇಳಿಕೊಳ್ಳಲಾರದು.

ಇದಕ್ಕಿಂತಲೂ ಕ್ರೂರವಾದದ್ದು ಒಂದುಂಟು. ತಿರಸ್ಕಾರಕ್ಕೆ ಗುರಿಯಾದವರ ಬಾಯಿಯಿಂದಲೇ ಅದನ್ನು ಹೇಳಿಸುವುದು. ಲಂಡನ್ ಮಿಷನ್ನಿನ ಸ್ಯಾಮುವೆಲ್ ಮಟೀರ್ ಎಂಬವರು ತಿರುವಾಂಕೂರಿನ ಬಗ್ಗೆ 1871ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಪುಲಯರ ಮಾತಿನ ಮೇಲಿದ್ದ ಕಟ್ಟಳೆಗಳನ್ನು ಬರೆದಿಟ್ಟಿದ್ದಾರೆ. ಅವರು ಮೇಲಿನವರೆದುರು 'ನಾನು' ಎನ್ನಬಾರದು, 'ಅಡಿಯನ್' ಎನ್ನಬೇಕು, ಎಂದರೆ ತಮ್ಮ ಅಡಿಯಾಳು. ತಾವು ಉಣ್ಣುವುದನ್ನು ಅನ್ನವೆನ್ನಬಾರದು, ಕೊಳಕು ಗಂಜಿಯೆನ್ನಬೇಕು. ಹೆತ್ತ ಮಕ್ಕಳನ್ನು ಮಕ್ಕಳೆನ್ನಬಾರದು, ಕರುಗಳೆಂದೋ ಕೋತಿಗಳೆಂದೋ ಹೇಳಬೇಕು. ಕಾಸರಗೋಡು, ವಯನಾಡುಗಳಲ್ಲಿರುವ ನಮ್ಮ ಓದುಗರಿಗೆ 'ಅಡಿಯನ್' ಎಂಬ ಪದದ ಭಾರ ವಿವರಿಸಬೇಕಾಗಿಲ್ಲ. ಆ ಕಟ್ಟಳೆ ಹೋಯಿತು. ಆದರೆ ತಾಲೂಕು ಕಚೇರಿಗೆ ಅರ್ಜಿ ಬರೆಯುವಾಗ ನಮ್ಮ ಕೈ ತಾನಾಗಿಯೇ 'ತಮ್ಮ ಪಾದಸೇವಕ' ಎಂದು ಬರೆಯುವುದು ನಿಂತಿದೆಯೇ? "ನಾವು ಕೂಲಿ ಜನ, ನಮಗೇನು ತಿಳೀತದೆ ಸ್ವಾಮಿ" ಎಂದು ನಮ್ಮ ಹಿರಿಯರು ಹೇಳಿಕೊಳ್ಳುವುದು ನಿಂತಿದೆಯೇ?

ಸರಕಾರವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. 1871ರ ಕಾನೂನೊಂದು ಹುಟ್ಟಿನಿಂದಲೇ ಅಪರಾಧಿಗಳೆಂದು ಕೆಲವು ಬುಡಕಟ್ಟುಗಳಿಗೆ ಹೆಸರಿಟ್ಟಿತು. ಸೊಲ್ಲಾಪುರದಲ್ಲಿ ಅಂಥವರನ್ನು ತಂತಿ ಬೇಲಿಯ ವಸಾಹತಿನಲ್ಲಿಟ್ಟರು; ಅವರ ದುಡಿಮೆ ಗಿರಣಿಗಳಿಗೆ ಒದಗಿತು. ಕಾನೂನು 1952ರಲ್ಲಿ ರದ್ದಾಯಿತು. 'ಸೆಟಲ್‌ಮೆಂಟ್' ಎಂಬ ಹೆಸರು ಆ ಬಡಾವಣೆಗೂ ಅಲ್ಲಿಯವರಿಗೂ ಅಂಟಿಕೊಂಡೇ ಇದೆ. ಜೈಲಿನಲ್ಲಿ ಯಾವ ಜಾತಿಯವರು ಅಡಿಗೆ ಮಾಡಬೇಕು, ಯಾವ ಜಾತಿಯವರು ಕಸ ಗುಡಿಸಬೇಕು ಎಂದು ಹಲವು ರಾಜ್ಯಗಳ ಕೈಪಿಡಿಗಳಲ್ಲಿ ಬರೆದಿದ್ದುದನ್ನು ಸುಪ್ರೀಂ ಕೋರ್ಟು ತೆಗೆದುಹಾಕಿದ್ದು 2024ರ ಅಕ್ಟೋಬರಿನಲ್ಲಿ. ಸಂವಿಧಾನ ಬಂದು ಎಪ್ಪತ್ತನಾಲ್ಕು ವರ್ಷಗಳ ಮೇಲೆ!

ಕಾನೂನು ಇಲ್ಲವೆಂದಲ್ಲ. ಅಸ್ಪೃಶ್ಯತೆಯ ಅಪರಾಧಗಳ ಕಾನೂನು 1955ರಲ್ಲಿ ಬಂತು, ದೌರ್ಜನ್ಯ ತಡೆ ಕಾನೂನು 1989ರಲ್ಲಿ ಬಂತು. ಜಾತಿಯ ಹೆಸರನ್ನು ಬೈಗುಳವಾಗಿ ಬಳಸಿ ಅವಮಾನಿಸಿದರೆ ಅದು ಅಪರಾಧವೆಂದು ಸುಪ್ರೀಂ ಕೋರ್ಟು 2008ರಲ್ಲಿ ಹೇಳಿತು. ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ, 2011ರಲ್ಲಿ, ಜಾತಿಯ ಹೆಸರಿಗೆ 'ಪಯಲ್' ಸೇರಿಸಿ ಕರೆಯುವುದನ್ನೂ ಚಹದಂಗಡಿಗಳಲ್ಲಿ ಎರಡು ಬಗೆಯ ಲೋಟ ಇಡುವುದನ್ನೂ ಕಟುವಾಗಿ ಖಂಡಿಸಿತು. ಆದರೆ ಕಾನೂನಿಗೆ ಒಂದು ಷರತ್ತಿದೆ: ಅವಮಾನ ಸಾರ್ವಜನಿಕರ ಕಣ್ಣೆದುರು ನಡೆದಿರಬೇಕು. ಮನೆಯ ನಾಲ್ಕು ಗೋಡೆಯೊಳಗೆ, ಹೊರಗಿನವರಿಲ್ಲದಾಗ ಆಡಿದ ಮಾತು ಇದರಲ್ಲಿ ಬರುವುದಿಲ್ಲವೆಂದು 2020ರಲ್ಲಿ ತೀರ್ಪಾಯಿತು. ಹಾಗಾದರೆ ಮನೆಗೆಲಸದ ಹೆಂಗಸರಿಗೆ ಸಾಕ್ಷಿ ಯಾರು? ಬೆಳಗಿನ ಐದಕ್ಕೆ ಶೆಡ್ಡಿನಲ್ಲಿ ಆಡಿದ ಮಾತಿಗೆ ಸಾಕ್ಷಿ ಹೇಳಬೇಕಾದವರು ಅದೇ ಗುತ್ತಿಗೆದಾರರ ಕೈಕೆಳಗೆ ದಿನಗೂಲಿಗಿದ್ದವರು. ಅವರು ಬಾಯಿ ಬಿಟ್ಟಾರೆಯೇ?

ನಮ್ಮ ಜನರಿಗೆ ಇನ್ನೂ ಒಂದು ಬಾಗಿಲು ಮುಚ್ಚಿದೆ. 1950ರ ರಾಷ್ಟ್ರಪತಿಗಳ ಆದೇಶದ ಪ್ರಕಾರ ಪರಿಶಿಷ್ಟ ಜಾತಿಯ ಸ್ಥಾನ ಮೊದಲು ಹಿಂದೂಗಳಿಗೆ ಮಾತ್ರವಿತ್ತು. 1956ರಲ್ಲಿ ಸಿಖ್ಖರಿಗೂ 1990ರಲ್ಲಿ ಬೌದ್ಧರಿಗೂ ವಿಸ್ತರಿಸಿದರು. ಕ್ರೈಸ್ತರಾದ ದಲಿತರಿಗೆ ವಿಸ್ತರಿಸಲಿಲ್ಲ. ಜಾತಿಯ ಹೆಸರು ಹಿಡಿದು ನಿಂದಿಸಿದರೆಂದು ದೂರಿತ್ತ ಪಾಸ್ಟರೊಬ್ಬರ ಮೊಕದ್ದಮೆಯಲ್ಲಿ, ಕ್ರೈಸ್ತರಾದವರು 1989ರ ಕಾನೂನಿನ ರಕ್ಷಣೆ ಕೇಳುವಂತಿಲ್ಲವೆಂದು 2025ರಲ್ಲಿ ಆಂಧ್ರಪ್ರದೇಶದ ಹೈಕೋರ್ಟು ಹೇಳಿತು. ಕ್ರೈಸ್ತಧರ್ಮದಲ್ಲಿ ಜಾತಿಯಿಲ್ಲವೆಂಬುದು ಕಾರಣ. ಆದವಾನಿಯ ಬೀದಿಯಲ್ಲಿ ಬೈಯುವವರು ದೀಕ್ಷಾಸ್ನಾನದ ಸರ್ಟಿಫಿಕೇಟು ಕೇಳಿ ಬೈಯುತ್ತಾರೆಯೇ? ಬೈಗುಳ ಹಳೆಯ ವಿಳಾಸಕ್ಕೇ ಬರುತ್ತದೆ; ಕಾನೂನು ಮಾತ್ರ, ಈ ವಿಳಾಸದಾರರು ಇಲ್ಲಿಲ್ಲ ಎಂದು ಬರೆದು ಹಿಂದಕ್ಕೆ ಕಳುಹಿಸುತ್ತದೆ.

ತಿರಸ್ಕಾರದ ಮಾತಿಗೆ ಸಮಾಜ ಯಾವಾಗ ಕೆರಳುತ್ತದೆ ಎಂಬುದಕ್ಕೆ ಕನ್ನಡಿಗರು ಮರೆಯಲಾಗದ ಉದಾಹರಣೆಯೊಂದಿದೆ. 1973ರ ನವೆಂಬರಿನಲ್ಲಿ, ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಮಾತನಾಡುತ್ತ, ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಎಂದರು. ಬೂಸಾ ಎಂದರೆ ದನಕ್ಕೆ ಹಾಕುವ ಹೊಟ್ಟು. ನಾಡಿಗೆ ನಾಡೇ ಹೊತ್ತಿಕೊಂಡಿತು. ಮೆರವಣಿಗೆಗಳಾದವು, ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕೊನೆಗೆ ಅವರು ಮಂತ್ರಿಪದವಿ ಬಿಡಬೇಕಾಯಿತು. ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಬೇಕೆಂದು ಆಜ್ಞೆ ಮಾಡಿದ ಮಂತ್ರಿ ಅವರೇ ಎಂಬುದು ಆ ಗದ್ದಲದಲ್ಲಿ ಯಾರ ನೆನಪಿಗೂ ಬರಲಿಲ್ಲ. ಅವರ ಮಾತು ಸರಿಯೋ ತಪ್ಪೋ ಎಂಬ ಚರ್ಚೆ ಸಾಹಿತಿಗಳಿಗೆ ಬಿಟ್ಟದ್ದು. ನಾನು ಕೇಳುವುದು ಇಷ್ಟೇ. ಪುಸ್ತಕಗಳಿಗೆ ಹೊಟ್ಟೆಂದದ್ದಕ್ಕೆ ಬೀದಿಗಿಳಿದವರು, ಜೀವಂತ ಮನುಷ್ಯರ ಜಾತಿಯ ಹೆಸರನ್ನು ಶತಮಾನಗಳಿಂದ ಬೈಗುಳವಾಗಿ ಬಳಸಿದ್ದಕ್ಕೆ ಒಂದು ದಿನವಾದರೂ ಅಂಗಡಿ ಮುಚ್ಚಿಸಿದ್ದುಂಟೇ?

ಈಗಿನವರು ಬುದ್ಧಿವಂತರು. ಕೆಟ್ಟ ಹೆಸರು ತೆಗೆದು ಒಳ್ಳೆಯ ಹೆಸರು ಕೊಡುತ್ತಾರೆ. ರೈಲ್ವೆ ಸ್ಟೇಷನ್ನಿನಲ್ಲಿ ಹೊರೆ ಹೊರುವವರನ್ನು ಇನ್ನು ಮುಂದೆ ಕೂಲಿ ಎನ್ನದೆ 'ಸಹಾಯಕ್' ಎನ್ನತಕ್ಕದ್ದೆಂದು 2016ರ ರೈಲ್ವೆ ಬಜೆಟ್ಟಿನಲ್ಲಿ ಹೇಳಿದರು. ಸಂತೋಷ. ಆದರೆ ಹೊರೆ ಸಿಕ್ಕಿದರೆ ಊಟ, ಇಲ್ಲದಿದ್ದರೆ ಇಲ್ಲ ಎಂಬ ಸ್ಥಿತಿ ಹೆಸರಿನ ಜೊತೆಗೆ ಬದಲಾಗಲಿಲ್ಲ. ಕೇರಳದಲ್ಲಿ ಉತ್ತರದಿಂದ ಬಂದ ಕಾರ್ಮಿಕರಿಗೆ ಸರಕಾರಿ ಹೆಸರು 'ಅತಿಥಿ ಕಾರ್ಮಿಕರು'. ಬೀದಿಯಲ್ಲಿ ಅವರೆಲ್ಲರೂ, ಒಡಿಶಾದವರಾಗಲಿ ಅಸ್ಸಾಮಿನವರಾಗಲಿ, 'ಬಂಗಾಳಿ'ಗಳು. ಅತಿಥಿಯನ್ನು ಒಂದೇ ಕೋಣೆಯಲ್ಲಿ ಹತ್ತು ಜನರೊಂದಿಗೆ ಮಲಗಿಸುವ ಸತ್ಕಾರ ಯಾವ ಮನೆಯದೋ ಕಾಣೆ.

ಎಲ್ಲಕ್ಕಿಂತ ನಯವಾದ ಮೋಸ 'ಗೌರವಧನ' ಎಂಬ ಪದದಲ್ಲಿದೆ. 1975ರಲ್ಲಿ ಶುರುವಾದ ಅಂಗನವಾಡಿ ಯೋಜನೆಯ ಹೆಂಗಸರು ದುಡಿಯುತ್ತಾರೆ, ಆದರೆ ಅವರಿಗೆ ಕೊಡುವುದು ಸಂಬಳವಲ್ಲ, ಗೌರವಧನ. ಅವರು ನೌಕರರಲ್ಲ, 'ಕಾರ್ಯಕರ್ತೆ'ಯರು. ಗೌರವವೆಂದು ಹೆಸರಿಟ್ಟಾಕ್ಷಣ ಕನಿಷ್ಠ ವೇತನವಿಲ್ಲ, ಪಿಂಚಣಿಯಿಲ್ಲ. ಗೌರವಧನವೆಂಬ ಹೆಸರಿನ ನೆಪದಿಂದ ಇವರಿಗೆ ಗ್ರಾಚ್ಯುಟಿ ತಪ್ಪಿಸುವಂತಿಲ್ಲವೆಂದು ಸುಪ್ರೀಂ ಕೋರ್ಟೇ 2022ರ ಏಪ್ರಿಲಿನಲ್ಲಿ ಹೇಳಬೇಕಾಯಿತು. ಕೇರಳದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 7,000 ರೂಪಾಯಿಯ ಗೌರವಧನ ಸಾಲದೆಂದು 2025ರ ಫೆಬ್ರವರಿ 10ರಿಂದ ತಿರುವನಂತಪುರದ ಸೆಕ್ರೆಟರಿಯೇಟಿನ ಮುಂದೆ ಕೂತರು. ಆಗ ಆ ಧರಣಿಯ ಮುಖಂಡರೊಬ್ಬರನ್ನು ರೋಗ ಹರಡುವ ಕೀಟಕ್ಕೆ ಹೋಲಿಸಿದವರು ಯಾವ ಬಂಡವಾಳಗಾರರೂ ಅಲ್ಲ. ಒಂದು ದೊಡ್ಡ ಕಾರ್ಮಿಕ ಸಂಘದ ನಾಯಕರು.

ಆದ್ದರಿಂದ ಬೆರಳು ಬರೀ ಹೊರಗೆ ತೋರಿಸುವುದು ಬೇಡ. ನಮ್ಮ ಸಭೆಗಳಲ್ಲಿ ಅಯ್ಯನವರಿಗೆ ಮೂರು ಸಲ 'ಅವರು'; ದೇವಾಲಯ ಗುಡಿಸುವವರಿಗೆ, ಗಂಟೆ ಹೊಡೆಯುವವರಿಗೆ ಏನೆನ್ನುತ್ತೇವೆ? ಕಾರ್ಮಿಕರ ಹಕ್ಕಿನ ಬಗ್ಗೆ ಭಾಷಣ ಮುಗಿಸಿ ಹೊರಬಂದ ನಾಯಕರು ಹೋಟೆಲಿನ ಹುಡುಗನನ್ನು "ಲೇ, ಎರಡು ಟೀ" ಎಂದು ಕೂಗುವುದನ್ನು ಯಾರು ಕಂಡಿಲ್ಲ? ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಕೊಲೆಯ ಮಾತಿನ ಹಿಂದೆಯೇ 'ರಕಾ' ಎಂಬ ಬೈಗುಳದ ಮಾತು ಬರುತ್ತದೆ. ಅರಮಾಯ ಭಾಷೆಯ ಪದ; ಖಾಲಿ ತಲೆಯವನು ಎಂದರ್ಥ. ಅಂಥ ದೊಡ್ಡ ಬೈಗುಳವೇನೂ ಅಲ್ಲ. ನಮ್ಮ ಮೇಸ್ತ್ರಿಗಳು ಬೆಳಗಿನ ತಿಂಡಿಗೆ ಮುಂಚೆ ಅದಕ್ಕಿಂತ ಹೆಚ್ಚಿನದನ್ನು ಆಡಿರುತ್ತಾರೆ. ಆದರೂ ಅದನ್ನು ಕೊಲೆಯ ಪಕ್ಕದಲ್ಲಿಟ್ಟಿದೆ. ಪ್ರಸಂಗಿಗಳು ಏಕೋ ಆ ವಚನವನ್ನು ಬೇಗ ದಾಟಿಬಿಡುತ್ತಾರೆ.

ಇದೆಲ್ಲ ಸಣ್ಣ ಮಾತು, ಮೊದಲು ಹೊಟ್ಟೆ ತುಂಬಲಿ ಎನ್ನುವವರಿಗೆ ಎರಡು ಸಂಗತಿ ಹೇಳುತ್ತೇನೆ. ಹದಿನೇಳನೆಯ ಶತಮಾನದ ಇಂಗ್ಲೆಂಡಿನಲ್ಲಿ ದೊಡ್ಡವರಿಗೆ ಬಹುವಚನ, ಚಿಕ್ಕವರಿಗೆ ಏಕವಚನ ಎಂಬ ಪದ್ಧತಿ ನಮ್ಮಲ್ಲಿದ್ದಂತೆಯೇ ಇತ್ತು. ಜಾರ್ಜ್ ಫಾಕ್ಸ್ ಮತ್ತು ಅವರ ಕ್ವೇಕರ್ ಸಂಗಡಿಗರು ನ್ಯಾಯಾಧೀಶರನ್ನೂ ಶ್ರೀಮಂತರನ್ನೂ ಏಕವಚನದಲ್ಲೇ ಮಾತನಾಡಿಸಿದರು. ಅದಕ್ಕಾಗಿ ಪೆಟ್ಟು ತಿಂದರು, ಸೆರೆಮನೆ ಕಂಡರು. ಮಾತು ಸಣ್ಣದಾಗಿದ್ದರೆ ದೊಡ್ಡವರಿಗೆ ಅಷ್ಟೊಂದು ಸಿಟ್ಟು ಏಕೆ ಬಂತು? ಎರಡನೆಯದು ಸೈಬೀರಿಯದ ಲೇನಾ ಚಿನ್ನದ ಗಣಿಗಳದ್ದು. 1912ರಲ್ಲಿ ಕಂಪನಿಯ ಅಂಗಡಿಯ ಕೊಳೆತ ಮಾಂಸದಿಂದ ಮುಷ್ಕರ ಎದ್ದಿತು. ಎಂಟು ಗಂಟೆಯ ದಿನ, ಕೂಲಿಯ ಏರಿಕೆ, ದಂಡದ ರದ್ದತಿ ಕೇಳಿದ ಆ ಹಸಿದ ಜನ ಅದೇ ಬೇಡಿಕೆ ಪತ್ರದಲ್ಲಿ, ಅಧಿಕಾರಿಗಳು ತಮ್ಮನ್ನು 'ನೀನು' ಎನ್ನದೆ 'ನೀವು' ಎನ್ನಬೇಕೆಂದೂ ಬರೆದರು. ಸೈನಿಕರು ಅವರ ಮೇಲೆ ಗುಂಡು ಹಾರಿಸಿದರು, ಬಹಳ ಮಂದಿ ಸತ್ತರು. ಐದು ವರ್ಷಗಳ ಮೇಲೆ, 1917ರ ಮಾರ್ಚಿಯಲ್ಲಿ, ಪೆಟ್ರೋಗ್ರಾಡಿನ ಸೋವಿಯತ್ ಹೊರಡಿಸಿದ ಮೊದಲನೆಯ ಆಜ್ಞೆಯಲ್ಲಿಯೇ ಅಧಿಕಾರಿಗಳು ಸೈನಿಕರನ್ನು ಏಕವಚನದಲ್ಲಿ ಕರೆಯಕೂಡದೆಂಬ ಕಲಮು ಇತ್ತು. ಒಬ್ಬರು ದೊಡ್ಡವರನ್ನು ಕೆಳಗಿಳಿಸಿದರು, ಇನ್ನೊಬ್ಬರು ಚಿಕ್ಕವರನ್ನು ಮೇಲೇರಿಸಿದರು. ಯಾವುದಾದರೂ ಆದೀತು, ಎರಡೂ ಕಡೆಗೆ ಒಂದೇ ಆಗಿರಬೇಕು, ಅಷ್ಟೇ.

ನಮ್ಮ ಮುಂದಿನ ಬೇಡಿಕೆ ಪತ್ರದಲ್ಲಿ ಕೂಲಿ, ರಜೆ, ಕುಡಿಯುವ ನೀರು, ಕಕ್ಕಸುಗಳ ಜೊತೆಗೆ ಇದನ್ನೂ ಬರೆಯೋಣ. ಹಾಜರಿ ಪುಸ್ತಕದಲ್ಲಿ ಪೂರ್ತಿ ಹೆಸರು ಇರಬೇಕು, ಕೂಗುವಾಗಲೂ ಪೂರ್ತಿ ಹೆಸರು ಕೂಗಬೇಕು. ಮೇಸ್ತ್ರಿ, ಸೂಪರ್‌ವೈಸರ್, ಗುತ್ತಿಗೆದಾರರು ಕೆಲಸಗಾರರನ್ನು ಬಹುವಚನದಲ್ಲಿ ಮಾತನಾಡಿಸಬೇಕು. ಆಫೀಸಿಗೆ ಕರೆಸಿದರೆ ಕೂರಲು ಕುರ್ಚಿ ಕೊಡಬೇಕು. ಮಾತುಕತೆಯ ಮೇಜಿನಲ್ಲಿ ಮ್ಯಾನೇಜರು ಇದನ್ನು ಓದಿ ನಗುತ್ತಾರೆ, ಇದರ ಸಲುವಾಗಿ ಮುಷ್ಕರ ಮಾಡುತ್ತೀರಾ ಎಂದು ಕೇಳುತ್ತಾರೆ. ಇಡೀ ಪತ್ರದಲ್ಲಿ ಕಂಪನಿಗೆ ಒಂದು ಪೈಸೆಯೂ ಖರ್ಚಿಲ್ಲದ ಬೇಡಿಕೆ ಇದೊಂದೇ ಎಂದು ಆಗ ತೋರಿಸಿಕೊಡಿ. ಮೊದಲು ಇದಕ್ಕೆ ಸಹಿ ಹಾಕಿರಿ, ಆಮೇಲೆ ಕೂಲಿಯ ಮಾತಿಗೆ ಬರೋಣ ಎನ್ನಿರಿ. ಅವರು ಯಾವುದಕ್ಕೆ ಹೆಚ್ಚು ಹಟ ಹಿಡಿಯುತ್ತಾರೆಂದು ನೋಡಿ ನಮಗೆ ಬರೆದು ತಿಳಿಸಿರಿ.